ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕೀತೇ? ಅಂದಾಜು ಹಾಕುವುದು ಹೀಗೆ

ಅಮೆರಿಕದ ಯಾವುದೇ ದೊಡ್ಡ ಸ್ಟೇಟ್ ಯೂನಿವರ್ಸಿಟಿಯ ಬಗ್ಗೆ ಹುಡುಕಿದರೂ ಮೊದಲು ಕಣ್ಣಿಗೆ ಬೀಳುವುದು 'ಅರ್ಜಿ ಹಾಕಿದವರಲ್ಲಿ ಶೇ ಇಷ್ಟು ಮಂದಿಗೆ ಪ್ರವೇಶ' ಎಂಬ ಅಂಕಿ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ರಾಜ್ಯದವರು, ಹೊರರಾಜ್ಯದವರು, ವಿದೇಶಿಯರು, ಕಂಪ್ಯೂಟರ್ ಸೈನ್ಸ್ ಬಯಸಿದವರು, ಇತಿಹಾಸ ಬಯಸಿದವರು ಎಲ್ಲರೂ ಅದರಲ್ಲಿ ಬೆರೆತುಹೋಗಿರುತ್ತಾರೆ.

ಹಂತ 1: ಕಾಮನ್ ಡೇಟಾ ಸೆಟ್ ಹುಡುಕಿ. ಬಹುತೇಕ ವಿಶ್ವವಿದ್ಯಾಲಯಗಳು ಈ ವರದಿಯನ್ನು ಪ್ರತಿವರ್ಷ ತಮ್ಮ ಜಾಲತಾಣದಲ್ಲೇ ಹಾಕುತ್ತವೆ. ಬೇಕಾದದ್ದು 'ಸಿ' ಭಾಗ ಮಾತ್ರ. ಸಿ1ರಲ್ಲಿ ಅರ್ಜಿ ಮತ್ತು ಪ್ರವೇಶದ ಸಂಖ್ಯೆ, ಸಿ7ರಲ್ಲಿ ಆಯ್ಕೆಯಲ್ಲಿ ಯಾವುದಕ್ಕೆ ಎಷ್ಟು ತೂಕ, ಸಿ9ರಲ್ಲಿ ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಇರುತ್ತವೆ.

ಹಂತ 2: ನಿಮ್ಮ ಗುಂಪನ್ನು ಬೇರ್ಪಡಿಸಿ. 10,000 ಅರ್ಜಿಗೆ 5,000 ಪ್ರವೇಶ ಎಂದಿಟ್ಟುಕೊಳ್ಳಿ. ಶೇ 50 ಆಯಿತು. ಆದರೆ 4,000 ಸ್ಥಳೀಯರಲ್ಲಿ 2,800 ಮಂದಿಗೆ, 6,000 ಹೊರಗಿನವರಲ್ಲಿ 2,200 ಮಂದಿಗೆ ಸಿಕ್ಕಿದ್ದರೆ ಒಬ್ಬರ ಪಾಲಿಗೆ ಅದು ಶೇ 70, ಇನ್ನೊಬ್ಬರ ಪಾಲಿಗೆ ಶೇ 37. ರಾಜ್ಯದ ನಿಯಮವನ್ನೂ ನೋಡಿ. ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ತರಗತಿಯಲ್ಲಿ ಹೊರರಾಜ್ಯದವರಿಗೆ ಶೇ 18ರ ಮಿತಿ ಇದೆ. ಟೆಕ್ಸಸ್‌ನಲ್ಲಿ ಶಾಲೆಯ ರ‍್ಯಾಂಕ್ ಆಧರಿಸಿ ತಾನಾಗಿಯೇ ಪ್ರವೇಶ ಕೊಡುವ ಕಾನೂನು 1997ರಿಂದ ಇದೆ. ಆಸ್ಟಿನ್ ಕ್ಯಾಂಪಸ್‌ನಲ್ಲಿ ಅದು 2026ರ ಪ್ರವೇಶಕ್ಕೆ ಶಾಲೆಯ ಮೇಲಿನ ಶೇ 5 ಮಂದಿಗೆ ಇಳಿದಿದೆ. ಹಾಗೆ ಸಿಗುವುದು ವಿಶ್ವವಿದ್ಯಾಲಯಕ್ಕೆ ಪ್ರವೇಶ, ಕೇಳಿದ ಮೇಜರ್‌ಗಲ್ಲ (ಮೇಜರ್ ಎಂದರೆ ಪದವಿಯ ಮುಖ್ಯ ವಿಷಯ). ಇಲ್ಲೇ ಬಹಳ ಮಂದಿ ಎಡವುತ್ತಾರೆ.

ಹಂತ 3: ಜಿಪಿಎಯನ್ನು (ಗ್ರೇಡ್‌ಗಳ ಸರಾಸರಿ) ಆ ವಿಶ್ವವಿದ್ಯಾಲಯದ ಸೂತ್ರದಲ್ಲೇ ಲೆಕ್ಕ ಹಾಕಿ. ಶಾಲೆಯ ಅಂಕಪಟ್ಟಿಯಲ್ಲಿ ಇರುವುದೇ ಅಂತಿಮವಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ನೋಡುವುದು 10 ಮತ್ತು 11ನೇ ತರಗತಿಯ ನಿಗದಿತ ವಿಷಯಗಳ ಗ್ರೇಡ್‌ಗಳನ್ನು. ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ. ವರ್ಷಕ್ಕೆ 5 ವಿಷಯ, 2 ಸೆಮಿಸ್ಟರ್ ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ 20 ಗ್ರೇಡ್. 'ಎ'ಗೆ 4, 'ಬಿ'ಗೆ 3 ಅಂಕ. 14 'ಎ', 6 'ಬಿ' ಬಂದಿದ್ದರೆ 56 ಮತ್ತು 18 ಸೇರಿ 74. 20ರಿಂದ ಭಾಗಿಸಿದರೆ 3.70. ಎಪಿ (ಶಾಲೆಯಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸ್‌ಗಳಿಗೆ ಸೆಮಿಸ್ಟರ್‌ಗೆ 1ರಂತೆ ಹೆಚ್ಚುವರಿ ಅಂಕ ಉಂಟು, ಆದರೆ ಗರಿಷ್ಠ 8, ಅದರಲ್ಲೂ 10ನೇ ತರಗತಿಯಿಂದ 4ನ್ನು ಮೀರುವಂತಿಲ್ಲ. ಹಾಗಾಗಿ 12 ಸೆಮಿಸ್ಟರ್ ಎಪಿ ಓದಿದ್ದರೂ 82ನ್ನು 20ರಿಂದ ಭಾಗಿಸಿ 4.10, ಅಷ್ಟೇ. ಹೊರರಾಜ್ಯದವರಿಗೆ ಶಾಲೆಯದೇ ಆದ ಆನರ್ಸ್ (ಮೇಲ್ಮಟ್ಟದ) ಕೋರ್ಸ್‌ಗೆ ಈ ಹೆಚ್ಚುವರಿ ಅಂಕ ಸಿಗುವುದಿಲ್ಲ. ಅರ್ಹತೆಗೆ ಕನಿಷ್ಠ ಜಿಪಿಎ ಸ್ಥಳೀಯರಿಗೆ 3.0, ಉಳಿದವರಿಗೆ 3.4. ಬೇಡಿಕೆಯ ಕ್ಯಾಂಪಸ್‌ಗಳಲ್ಲಿ ಇದು ಬರೀ ಹೊಸ್ತಿಲು.

ಹಂತ 4: ಎಸ್‌ಎಟಿ ಅಂಕವನ್ನು ಎಚ್ಚರದಿಂದ ಓದಿ. ಕ್ಯಾಲಿಫೋರ್ನಿಯಾ ಇದನ್ನು ನೋಡುವುದೇ ಇಲ್ಲ. ಬೇರೆ ಕಡೆ ಸಿ9ರಲ್ಲಿ 25 ಮತ್ತು 75ನೇ ಪರ್ಸೆಂಟೈಲ್ (ಶೇ 25 ಮತ್ತು ಶೇ 75 ಮಂದಿ ಯಾವ ಅಂಕಕ್ಕಿಂತ ಕೆಳಗಿದ್ದಾರೆ ಎಂಬುದು) ಕೊಟ್ಟಿರುತ್ತಾರೆ. ಅದು ಸೇರಿದವರ ಅಂಕ, ಅದರಲ್ಲೂ ಅಂಕ ಕಳಿಸಿದವರದು ಮಾತ್ರ. ಎಷ್ಟು ಶೇಕಡ ಮಂದಿ ಕಳಿಸಿದ್ದಾರೆ ಎಂಬುದು ಅದೇ ಕೋಷ್ಟಕದಲ್ಲಿದೆ. ಕಳಿಸುವುದು ಐಚ್ಛಿಕವಾಗಿರುವ ಕಡೆ ಆ ಪ್ರಮಾಣ ಕಡಿಮೆ ಇದ್ದರೆ, ಒಳ್ಳೆಯ ಅಂಕದವರೇ ಹೆಚ್ಚಾಗಿ ಕಳಿಸಿ ಸಂಖ್ಯೆ ಉಬ್ಬಿದೆ ಎಂದು ಸಂಶಯಪಡಬಹುದು. 25ನೇ ಪರ್ಸೆಂಟೈಲ್‌ಗಿಂತ ಕೆಳಗಿರುವ ಕಾಲುಭಾಗದಲ್ಲಿ ಕ್ರೀಡಾಪಟುಗಳಂಥವರೂ ಇರುತ್ತಾರೆ, ಆದ್ದರಿಂದ ಅಲ್ಲಿ ನಿಂತು 'ನನಗೂ ಸಿಗುತ್ತದೆ' ಅನ್ನುವುದು ದುಡುಕು.

ಹಂತ 5: ಮೇಜರ್ ಪರಿಶೀಲಿಸಿ. ನಮ್ಮ ಮಟ್ಟಿಗೆ ಲೆಕ್ಕ ಹೆಚ್ಚು ತಪ್ಪುವುದು ಇಲ್ಲೇ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ನರ್ಸಿಂಗ್‌ಗೆ ಎಷ್ಟೋ ಕಡೆ ಮೊದಲ ವರ್ಷವೇ ಪ್ರತ್ಯೇಕ ಆಯ್ಕೆ ನಡೆಯುತ್ತದೆ. ಸುಲಭದ ಮೇಜರ್‌ನಲ್ಲಿ ನುಸುಳಿ ಆಮೇಲೆ ಬದಲಿಸುವ ಯೋಚನೆಯಿದ್ದರೆ ಆ ವಿಭಾಗದ ಪುಟದಲ್ಲಿ ವರ್ಗಾವಣೆ ನಿಯಮ ಓದಿ. ಬಾಗಿಲು ಮುಚ್ಚಿರುವುದೇ ಹೆಚ್ಚು.

ವೇಟ್‌ಲಿಸ್ಟ್ ಬಂದರೆ ಸಿ2 ತೆರೆಯಿರಿ. ಪಟ್ಟಿಯಲ್ಲಿ ಉಳಿಯಲು ಒಪ್ಪಿದವರೆಷ್ಟು, ಕೊನೆಗೆ ಸೀಟು ಸಿಕ್ಕವರೆಷ್ಟು ಎಂಬುದು ಅಲ್ಲಿದೆ. ಎರಡು ಮೂರು ವರ್ಷಗಳದ್ದನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದು ವರ್ಷದಿಂದ ಇನ್ನೊಂದಕ್ಕೆ ಈ ಸಂಖ್ಯೆ ಭಾರಿ ಏರಿಳಿಯುತ್ತದೆ. ಅಲ್ಲಿಯವರೆಗೆ ಬೇರೆ ಕಡೆ ಸಿಕ್ಕ ಸೀಟನ್ನು ಠೇವಣಿ ಕಟ್ಟಿ ಹಿಡಿದುಕೊಂಡಿರಿ.