ಮಂಗನ ಕಾಯಿಲೆಯ ವರದಿಯನ್ನು ಶಿಫಾರಸುಗಳಾಗಿಸಿದ ಬಗೆ

ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಕುರಿತ ನಮ್ಮ ಅಧ್ಯಯನ ವರದಿಯು ನಿರ್ಧಾರ ಕೈಗೊಳ್ಳಬೇಕಾದವರ ಮೇಜಿನ ಮೇಲೆ ಹಾಗೆಯೇ ಉಳಿದಿತ್ತು. ಸಾರಾಂಶವನ್ನು ಚಿಕ್ಕದಾಗಿಸಿದರೂ ಪ್ರಯೋಜನವಾಗಲಿಲ್ಲ. ಕ್ರಮವನ್ನೇ ತಲೆಕೆಳಗು ಮಾಡಿ ಶಿಫಾರಸುಗಳನ್ನು ಮೊದಲಿಗೆ ತಂದಾಗ ಅದು ಚರ್ಚೆಗೆ ಬಂತು.

ಇದಕ್ಕೆ ಕೆನಡಾದ 1:3:25 ಮಾದರಿ, ಅಂದರೆ ಒಂದು ಪುಟದಲ್ಲಿ ಮುಖ್ಯ ಸಂದೇಶ, ಮೂರರಲ್ಲಿ ಸಾರಾಂಶ, ಇಪ್ಪತ್ತೈದರಲ್ಲಿ ವರದಿ ಎಂಬ ಕ್ರಮ, ನೆರವಾಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾದ ಇತಿಹಾಸ ಶಿವಮೊಗ್ಗದ ಅಧಿಕಾರಿಗಳಿಗೆ ಹೊಸದಲ್ಲವಾದ್ದರಿಂದ ಮೊದಲ ಪುಟದಿಂದ ಅದನ್ನು ಕೈಬಿಟ್ಟೆ. ‘ಜಾಗೃತಿ ಹೆಚ್ಚಿಸಬೇಕು’ ಎಂಬ, ಯಾರ ಹೆಗಲಿಗೂ ಬೀಳದ ವಾಕ್ಯದ ಬದಲು (ಇಂಥವು ನಮ್ಮ ವರದಿಗಳಲ್ಲಿ ಧಾರಾಳ) ಹೀಗೆ ಬರೆದೆ: ‘ಸೋಂಕು ಡಿಸೆಂಬರಿನಿಂದ ಮೇವರೆಗೆ ಹೆಚ್ಚಾಗಿ ಕಾಣಿಸುವುದರಿಂದ, ದರಗು (ತರಗೆಲೆ), ಸೌದೆಗಳಿಗಾಗಿ ಕಾಡಿಗೆ ಹೋಗುವವರ ಮನೆಗಳಿಗೆ ಉಣುಗು ನಿವಾರಕ ತೈಲವನ್ನು ಪ್ರಾಥಮಿಕ ಆರೋಗ್ಯ ಕೇಂದ್ರವು ಆಶಾ ಕಾರ್ಯಕರ್ತೆಯರ ಮೂಲಕ ನವೆಂಬರ್ ಮುಗಿಯುವುದರೊಳಗೆ ತಲುಪಿಸಬೇಕು.’

ರೋಗದ ಮುನ್ಸೂಚನೆಯಾದ, ಮಂಗ ಸತ್ತ ಸುದ್ದಿಯು ಪಂಚಾಯಿತಿ, ಅರಣ್ಯ, ಪಶುಸಂಗೋಪನೆ, ಆರೋಗ್ಯ ಇಲಾಖೆಗಳ ನಡುವೆ ಅಲೆಯದಂತೆ ಪ್ರತಿ ತಾಲ್ಲೂಕಿಗೂ ಒಬ್ಬರೇ ಹೊಣೆಗಾರರಿರಲಿ ಎಂಬುದು ಎರಡನೆಯ ಶಿಫಾರಸು. ಪ್ರತಿಯೊಂದರ ಪಕ್ಕದಲ್ಲಿ ಪುರಾವೆ ಬಲವಾಗಿದೆಯೇ, ಸಾಧಾರಣವೇ ಎಂದೂ ನಮೂದಿಸಿದೆ. ಸಭೆಯಲ್ಲಿ ಹೆಚ್ಚು ಪ್ರಶ್ನೆಗಳು ಬಂದದ್ದು ಆ ಕಾಲಂ ಕುರಿತೇ.