ಆಪರೇಷನ್ ಆದ ಮೇಲೆ ರಾತ್ರಿ ಮೂರು ಸಾಲು ಬರೆಯುವುದು ಹೇಗೆ?

ಮೆಣಸಿನ ಕೊಯ್ಲು ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಏಣಿಯಿಂದ ಬಿದ್ದು ಕಾಲು ಮುರಿದುಕೊಳ್ಳುವವರು ಇದ್ದೇ ಇರುತ್ತಾರೆ. ಮಂಡಿ ಆಪರೇಷನ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಬೇರೆ. ನೋಡಲು ಬಂದವರದ್ದೆಲ್ಲ ಒಂದೇ ಮಾತು: ‘ಇಷ್ಟಕ್ಕೇ ಹೋಯ್ತಲ್ಲ, ದೇವರಿಗೆ ಕೈ ಮುಗೀರಿ.’ ನೋವಿನಲ್ಲಿರುವವರಿಗೆ ಇದು ಸಮಾಧಾನ ಅಲ್ಲ, ಬಾಯಿ ಮುಚ್ಚಿಸುವ ಮಾತು. ಕೃತಜ್ಞತೆ ಚೇತರಿಕೆಗೆ ನೆರವಾಗಬಹುದು, ನಿಜ. ಆದರೆ ರೋಗಿಗೆ ತಾನಾಗಿ ಅನ್ನಿಸಬೇಕು. ಅದಕ್ಕೊಂದು ದಾರಿ, ಆ ದಿನ ನೆರವಾದದ್ದನ್ನು ರಾತ್ರಿ ಮೂರು ಸಾಲಿನಲ್ಲಿ ಬರೆದಿಡುವುದು.

ಥ್ಯಾಂಕ್ಸ್ ಹೇಳಿದ್ದಕ್ಕೆ ಮೂಳೆ ಕೂಡಿಕೊಳ್ಳುವುದಿಲ್ಲ. ಆದರೆ ಮನಸ್ಸಿನ ಒತ್ತಡ ಗಾಯ ಮಾಯುವುದನ್ನು ತಡ ಮಾಡುತ್ತದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ಕೈಮೇಲೆ ಪುಟ್ಟ ಗಾಯ ಮಾಡಿ ಅಮೆರಿಕದ ಓಹಿಯೋದಲ್ಲಿ ಪರೀಕ್ಷಿಸಿದ್ದರು. ಉಳಿದವರಿಗಿಂತ ಇವರ ಗಾಯ ಒಣಗಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು ಎಂದು 1995ರಲ್ಲಿ ಪ್ರಕಟವಾಯಿತು. ಇನ್ನೊಂದು ನಿದ್ದೆಯ ವಿಷಯ. ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲಾ 2003ರ ಅಧ್ಯಯನದಲ್ಲಿ ನರ ಮತ್ತು ಸ್ನಾಯುಗಳ ಕಾಯಿಲೆ ಇದ್ದವರಿಂದ 21 ದಿನ ಕೃತಜ್ಞತೆಯ ಪಟ್ಟಿ ಬರೆಸಿದರು. ಬರೆದವರು ಜಾಸ್ತಿ ಹೊತ್ತು ನಿದ್ದೆ ಬಂತು ಎಂದರು. ನಿದ್ದೆ ಆದರೆ ತಾನೇ ಬೆಳಗ್ಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮಕ್ಕೆ ಮೈ ಏಳುವುದು?

ಮೊದಲು ನೋಟ್‌ಬುಕ್. ಹತ್ತಿರದ ಅಂಗಡಿಯ ನೂರು ಪುಟದ್ದು ಸಾಕು. ಆನ್‌ಲೈನ್‌ನಲ್ಲಿ ಸಿಗುವ ಚಿನ್ನದಂಚಿನ ಜರ್ನಲ್ ಖಂಡಿತ ಬೇಡ. ಅದರಲ್ಲಿ ‘ಇಂದು ನನ್ನನ್ನು ನಗಿಸಿದ್ದು’ ಎಂದು ಅಚ್ಚಾಗಿರುತ್ತದೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ನಗುವುದಾದರೂ ಹೇಗೆ?

ಸಮಯ: ರಾತ್ರಿ ಊಟ, ಮಾತ್ರೆ ಆದ ಮೇಲೆ.

ಇನ್ನು ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ‘ದೇವರಿಗೆ, ಮನೆಯವರಿಗೆ, ಡಾಕ್ಟರಿಗೆ ಧನ್ಯವಾದ’ ಎಂದು ಮೊದಲ ದಿನ ಬರೆಯುತ್ತಾರೆ. ಮರುದಿನವೂ ಅದೇ. ವಾರ ಕಳೆಯುವುದರೊಳಗೆ ಅದು ಲೆಕ್ಕದ ಪುಸ್ತಕದ ತಲೆಯಲ್ಲಿ ಬರೆಯುವ ‘ಶ್ರೀ’ಯಂತಾಗುತ್ತದೆ, ಕೈ ಬರೆಯುತ್ತದೆ, ತಲೆ ಎಲ್ಲೋ ಇರುತ್ತದೆ. ಅದರ ಬದಲು ಯಾರು, ಏನು ಮಾಡಿದರು, ಅದರಿಂದ ನನ್ನ ಮೈಗೆ ಏನಾಯಿತು, ಈ ಮೂರೂ ಪ್ರತಿ ಸಾಲಿನಲ್ಲಿ ಬರಲಿ. ‘ಹೆಂಡತಿ ಒಳ್ಳೆಯವಳು’ ಎಂದರೆ ಸಾಲದು. ‘ರಾತ್ರಿ ಎರಡಕ್ಕೆ ಎದ್ದು ಕಾಲಡಿಗೆ ದಿಂಬು ಇಟ್ಟಳು, ಬೆಳಗಿನ ತನಕ ಸೆಳೆತ ಬರಲಿಲ್ಲ’ ಎಂದು ಬರೆಯಿರಿ. ‘ಪಕ್ಕದ ಮನೆಯವನು ಮಳೆಯಲ್ಲೇ ಡೈರಿಗೆ ಹಾಲು ಹಾಕಿ ಬಂದ, ನಾನು ಏಳಬೇಕಾಗಲಿಲ್ಲ.’ ನಿಮ್ಮ ಮೈಯನ್ನೂ ಬಿಡಬೇಡಿ: ಮಂಡಿ ನಿನ್ನೆಗಿಂತ ಚೂರು ಜಾಸ್ತಿ ಮಡಚಿತು, ವಾಕರ್ ಹಿಡಿದು ಬಚ್ಚಲಿಗೆ ಒಬ್ಬರೇ ಹೋಗಿ ಬಂದಿರಿ. ಇಂಥದ್ದೂ ಸೇರಲಿ.

‘ಪಕ್ಕದ ಬೆಡ್‌ನವನಿಗಿಂತ ನಾನೇ ವಾಸಿ’ ಎಂದು ಮಾತ್ರ ಬರೆಯಬೇಡಿ. ಅವನು ನಿಮಗಿಂತ ಮೊದಲು ಮನೆಗೆ ಹೋದ ದಿನ ಏನು ಬರೆಯುತ್ತೀರಿ?

ಕೆಟ್ಟ ದಿನಗಳೂ ಇರುತ್ತವೆ. ಆಗ ಮೊದಲ ಸಾಲಿನಲ್ಲಿ ‘ಇವತ್ತು ಸಾಕಪ್ಪಾ ಸಾಕು’ ಎಂದೇ ಬರೆದುಬಿಡಿ. ಕೆಳಗೆ ಒಂದು ಸಾಲು ಬಂದರೆ ಸರಿ, ಬರದಿದ್ದರೆ ಪುಟ ಖಾಲಿ ಇರಲಿ. ಮೂರು ತುಂಬಿಸಬೇಕೆಂದು ಸುಮ್ನೆ ಸುಳ್ಳು ಪೋಣಿಸಬೇಡಿ.

ಕೈ ಮುರಿದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಬಹುದು, ಮೊಮ್ಮಗಳಿಂದ ಬರೆಸಬಹುದು. ಮಾತು ನಿಮ್ಮದಾಗಿದ್ದರೆ ಸಾಕು. ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ನಾಳೆಯಿಂದ ನೋಡುವವರಿಗಾಗಿ ಬರೆಯಲು ಶುರು ಮಾಡುತ್ತೀರಿ.

ಆಗಾಗ ಒಂದು ಸಾಲನ್ನು ಆ ಮನುಷ್ಯರಿಗೇ ಹೇಳಿ. ಮನೆಯವರಿಗೆ ಥ್ಯಾಂಕ್ಸ್ ಹೇಳಲು ನಮಗೆ ನಾಚಿಕೆ ಅಲ್ವಾ? ‘ನೀನು ದಿಂಬು ಇಟ್ಟ ಮೇಲೆ ನಿದ್ದೆ ಬಂತು ಕಣೇ’ ಎಂದರಾಯಿತು. ರಾತ್ರಿ ಎದ್ದು ಸುಸ್ತಾದವರಿಗೂ ಅದು ಬೇಕು.

ಗಾಯದಲ್ಲಿ ಕೀವು, ಜ್ವರ, ಮೀನಖಂಡದಲ್ಲಿ ಊತ, ಎದೆನೋವು, ಏದುಸಿರು ಕಂಡರೆ ನೋಟ್‌ಬುಕ್ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ. ವಾರಗಟ್ಟಲೆ ಊಟ ಸೇರದೆ, ಅಳು ನಿಲ್ಲದೆ ಇದ್ದರೂ ಡಾಕ್ಟರಿಗೆ ಹೇಳಿ.

ಓಡಾಡುವಂತಾದ ಮೇಲೆ ವಾರಕ್ಕೊಮ್ಮೆ ಬರೆದರೂ ನಡೆಯುತ್ತದೆ. ಫಿಸಿಯೋ ಹತ್ತಿರ ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮಂಡಿ ಯಾವಾಗಿನಿಂದ ಮಡಚಿತು, ಯಾವ ರಾತ್ರಿ ಸೆಳೆತ ಇತ್ತು ಎಂದು ಅವರು ಕೇಳಿದರೆ ನೆನಪು ಮಾಡಿಕೊಂಡು ಕೂರುವುದು ತಪ್ಪುತ್ತದೆ.