ಕಾಸರಗೋಡಿನ ರಜೆಗಳ ಲೆಕ್ಕವನ್ನು ನಾನು ಕಲಿತ ಬಗೆ

ಪುತ್ತೂರಿನಿಂದ ಕಾಸರಗೋಡಿಗೆ ಬಂದು ಹಳೆ ಬಸ್ ನಿಲ್ದಾಣದ ಬಳಿಯ ಹಾರ್ಡ್‌ವೇರ್ ಮಳಿಗೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ, ಮಲಯಾಳ ಬಾರದಿರುವುದೇ ನನಗೆ ತೊಡಕಾದೀತೆಂದು ಭಾವಿಸಿದ್ದೆ. ಗಿರಾಕಿಗಳಲ್ಲಿ ಹೆಚ್ಚಿನವರು ತುಳುವಿನಲ್ಲೋ ಕನ್ನಡದಲ್ಲೋ ವ್ಯವಹರಿಸುತ್ತಿದ್ದುದರಿಂದ ಅದು ಅಷ್ಟಾಗಿ ಕಾಡಲಿಲ್ಲ, ಕಾಡಿದ್ದು ಕ್ಯಾಲೆಂಡರ್. ನಮ್ಮ ಸರಕು ಬರುವುದು ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನಿಂದ, ಆದರೆ ಬ್ಯಾಂಕು, ಪಂಚಾಯತು, ವಿಲೇಜ್ ಆಫೀಸುಗಳೆಲ್ಲ ನಡೆಯುವುದು ಕೇರಳದ ರಜಾಪಟ್ಟಿಯಂತೆ.

ಓಣಂ ಎಂದರೆ ತಿರುವೋಣದ ಒಂದು ದಿನ ಎಂದಷ್ಟೇ ನಾನು ತಿಳಿದಿದ್ದೆ. ಮೊದಲ ವರ್ಷ ಕೆಲಸಗಾರರ ಹಬ್ಬದ ಬೋನಸ್ಸಿಗಾಗಿ ನಗದು ತರಲು ಅದರ ಹಿಂದಿನ ದಿನ ಬ್ಯಾಂಕಿಗೆ ಹೋದರೆ, ಬಾಗಿಲು ಮುಚ್ಚಿತ್ತು. ಅದು ಒಂದನೇ ಓಣಂ, ಸಾರ್ವಜನಿಕ ರಜೆ. ಆ ದಿನದ ಗಲ್ಲಾಪೆಟ್ಟಿಗೆಯ ಹಣವನ್ನು ಎಲ್ಲರಿಗೂ ಅರ್ಧರ್ಧ ಹಂಚಿ ಕಳುಹಿಸಬೇಕಾಯಿತು. ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ಕೊಳ್ಳಬೇಕಾದವರನ್ನು ಹಾಗೆ ಕಳುಹಿಸಿದ ನೋವು ನನ್ನಲ್ಲಿ ಇನ್ನೂ ಇದೆ. ಸರಕಾರಿ ಪಟ್ಟಿಯಲ್ಲಿ ಓಣಂ ನಾಲ್ಕು ದಿನಗಳದ್ದು, ಶಾಲೆಗಳಿಗಂತೂ ಅದಕ್ಕಿಂತಲೂ ದೀರ್ಘ ರಜೆ. ಬ್ಯಾಂಕ್ ರಜೆಗಳು 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಡಿ ರಾಜ್ಯವಾರಾಗಿ ನಿಗದಿಯಾಗುವುದರಿಂದ, ಒಂದೇ ಬ್ಯಾಂಕಿನ ಮಂಗಳೂರು ಶಾಖೆ ತೆರೆದಿರುವ ದಿನ ಕಾಸರಗೋಡು ಶಾಖೆ ಮುಚ್ಚಿರುವುದುಂಟು. ನೆಫ್ಟ್ ಸೇವೆ 2019ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿರುವ ಕಾರಣ ಸರಕಿನ ಹಣ ಕಳುಹಿಸಲು ಈಗ ಅಡ್ಡಿಯಿಲ್ಲ, ಆದರೆ ದೊಡ್ಡ ಮೊತ್ತದ ನಗದಿಗೂ ಡಿಡಿಗೂ ಶಾಖೆಯ ಬಾಗಿಲೇ ತೆರೆಯಬೇಕು.

ಅಂದಿನಿಂದ ವರ್ಷಾರಂಭದಲ್ಲೇ ಮಲಯಾಳ ಕ್ಯಾಲೆಂಡರಿನ ಮೇಲೆ ಕೇರಳದ ರಜೆಗಳನ್ನು ಕೆಂಪು ಶಾಯಿಯಲ್ಲಿ, ಕರ್ನಾಟಕದ್ದನ್ನು ನೀಲಿಯಲ್ಲಿ ಗುರುತಿಸುತ್ತೇನೆ. ಚಾಂದ್ರಮಾನ ಯುಗಾದಿ, ಬಲಿಪಾಡ್ಯ, ನವೆಂಬರ್ 1 ನೀಲಿಯವು. ಅಂದು ಇಲ್ಲಿ ಕಚೇರಿಗಳು ತೆರೆದಿರುತ್ತವೆ, ಮಂಗಳೂರಿನಿಂದ ಲೋಡು ಬರುವುದಿಲ್ಲ. ವಿಷು ಕೆಂಪು, ನಮ್ಮ ತುಳುನಾಡಿನ ಹೊಸ ವರ್ಷವಾದ ಬಿಸುವೂ ಅದೇ ದಿನವಾದ್ದರಿಂದ ಅದನ್ನು ಮರೆಯುವ ಪ್ರಮೇಯವಿಲ್ಲ. ಗಣೇಶ ಚತುರ್ಥಿಗೆ ಕೇರಳದ ಸಾಮಾನ್ಯ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೂ ಕಾಸರಗೋಡಿಗೆ ಸ್ಥಳೀಯ ರಜೆ ಘೋಷಣೆಯಾಗುವುದರಿಂದ, ಆದೇಶ ಬರುವ ತನಕ ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ. ಪೆರ್ನಾಲಿನ, ಅಂದರೆ ಈದ್ ಹಬ್ಬದ, ದಿನವೂ ಪೆನ್ಸಿಲಿನಲ್ಲೇ, ಏಕೆಂದರೆ ಅದು ಚಂದ್ರದರ್ಶನಕ್ಕೆ ಕಾಯಬೇಕಾದ ಹಬ್ಬ. ಮಂಗಳೂರು ಕರಾವಳಿ ಸಾಮಾನ್ಯವಾಗಿ ಕೇರಳದೊಂದಿಗೇ ಆಚರಿಸುತ್ತದೆ, ಬೆಂಗಳೂರಿನಲ್ಲಿ ಒಂದು ದಿನ ತಡವಾಗುವುದುಂಟು. ಆದುದರಿಂದ ಆ ಎರಡು ಮೂರು ದಿನ ಬೆಂಗಳೂರಿನ ಸರಕಿಗೆ ಬೇಡಿಕೆ ಕೊಡುವುದಿಲ್ಲ.

ಶನಿವಾರಗಳ ವ್ಯತ್ಯಾಸ ಮಾತ್ರ ನನಗೆ ಉಪಕಾರವಾಯಿತು. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಕರ್ನಾಟಕದ ಸರಕಾರಿ ಕಚೇರಿಗಳಿಗೂ ಹಾಗೆಯೇ. ನಾನು ಬಂದಾಗ ಕೇರಳದ ಕಚೇರಿಗಳಿಗೆ ರಜೆಯಿದ್ದುದು ಎರಡನೆಯದಕ್ಕೆ ಮಾತ್ರ. ಬ್ಯಾಂಕಿನ ಓಡಾಟವಿಲ್ಲದ ನಾಲ್ಕನೇ ಶನಿವಾರವನ್ನು ನಾನು ಪಂಚಾಯತಿನ ಕಾಗದಪತ್ರಗಳಿಗೆ ಮೀಸಲಿಟ್ಟೆ. ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಪೇಟೆಯ ಅನೇಕ ಅಂಗಡಿಗಳು ಮುಚ್ಚಿರುತ್ತವೆ, ಹೀಗಾಗಿ ಬಾಕಿ ವಸೂಲಿಗೆ ಹುಡುಗರನ್ನು ಹನ್ನೆರಡಕ್ಕೆ ಮೊದಲು ಅಥವಾ ಎರಡೂವರೆಯ ನಂತರ ಕಳುಹಿಸುತ್ತೇನೆ.

ಯಾವ ಶಾಯಿಗೂ ಸಿಗದೆ ಉಳಿದದ್ದು ಹರತಾಳ. ಏಳು ದಿನಗಳ ಮುನ್ಸೂಚನೆಯಿಲ್ಲದೆ ಹರತಾಳಕ್ಕೆ ಕರೆ ನೀಡಬಾರದೆಂದು ಕೇರಳ ಉಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಆದೇಶಿಸಿದೆ. ಆದರೂ ಲಾರಿ ಹೊರಡುವ ಮುನ್ನ ರಾತ್ರಿ ಇಲ್ಲಿಯ ಇಬ್ಬರು ವ್ಯಾಪಾರಿಗಳಿಗೆ ಫೋನು ಮಾಡಿ, ನಾಳೆ ಪೇಟೆ ತೆರೆದಿರುತ್ತದೆಯೇ ಎಂದು ಕೇಳಿದ ಬಳಿಕವೇ ಮಂಗಳೂರಿಗೆ ಲೋಡು ಹೇಳುತ್ತೇನೆ.